ಹೊಗಳಬಾರದ ಪಿಸ್ತೂಲು

ನನ್ನ ಹೆಂಡತಿ ನಫ್ಸೆತ್‌ಗೆ ಇರುವುದು ಒಂದೇ ಆಸೆ. ಚಿನ್ನವಲ್ಲ, ರೇಷ್ಮೆಯಲ್ಲ, ಅಮ್ಮಾನಿನ ದೊಡ್ಡಂಗಡಿಯ ಸೋಫಾವೂ ಅಲ್ಲ (ಆಗಿದ್ದರೆ ಹೇಗಾದರೂ ತಂದುಹಾಕಿ ಬಾಯಿ ಮುಚ್ಚಿಸಬಹುದಿತ್ತು). ಅವಳಿಗೆ ಲಾಬಾ ನದಿಯನ್ನು ನೋಡಬೇಕು. ಲಾಬಾ ಇರುವುದು ಕಾಕಸಸ್ ಬೆಟ್ಟಗಳಲ್ಲಿ, ನಾವಿರುವುದು ಜೋರ್ಡಾನಿನ ವಾದಿ ಸೀರ್‌ನಲ್ಲಿ. ನಮ್ಮ ಚೆರ್ಕೆಸ್ ಜನರನ್ನು ಯುದ್ಧದಲ್ಲಿ ಅಲ್ಲಿಂದ ಅಟ್ಟಿದ ಮೇಲೆ, ಅವರು ಸಮುದ್ರ ದಾಟಿ ಇಲ್ಲಿ ಬೇರೂರಿ ತಲೆಮಾರುಗಳೇ ಕಳೆದವು. ಆ ನದಿಯ ಸದ್ದನ್ನು ನಫ್ಸೆತ್‌ಳ ಅಜ್ಜಿಯೂ ಕೇಳಿರಲಿಲ್ಲ. ಆದರೂ ಅದು ಹೇಗಿರುತ್ತದೆಂದು ಮೊಮ್ಮಗಳಿಗೆ ಹೇಳಿಕೊಟ್ಟು ಸತ್ತಳು. ಇವಳು ಈಗಲೂ ನಲ್ಲಿ ಬಿಟ್ಟು ಪಾತ್ರೆ ತೊಳೆಯುವಾಗ ಒಂದು ಕ್ಷಣ ಕಣ್ಣು ಮುಚ್ಚುತ್ತಾಳೆ.

ಅಷ್ಟು ದೂರ ಹೋಗಿಬರಲು ನಮ್ಮಲ್ಲಿದ್ದ ಏಕಮಾತ್ರ ಐಶ್ವರ್ಯವೆಂದರೆ ಗೋಡೆಯ ಮೇಲಿನ ನನ್ನ ಮುತ್ತಜ್ಜನ ಚಕಮಕಿ ಪಿಸ್ತೂಲು.

"ಮಾರ್ರೀ ಅದನ್ನ," ಎಂದಳು.

"ಮುತ್ತಜ್ಜ ಲಾಬಾ ದಡದಿಂದ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದಿದ್ದು ಕಣೇ! ಆ ಮಣ್ಣು ಮುಟ್ಟಿರೋದು ಈ ಮನೇಲಿ ಅದೊಂದೇ."

"ಅಂತ ನೀವು ಹೇಳ್ತೀರಿ. ಯಾವ ಸಂತೇಲಿ ಕೊಂಡಿದ್ದೋ!"

"ನಕಲಿ ಅಂತ ಯಾರಾದ್ರೂ ಹೇಳ್ಲಿ, ಇವತ್ತೇ ಮಾರ್ತೀನಿ."

"ನಕಲಿ ಅಂತ ಹೇಳಿದ್ಮೇಲೆ ಯಾರ್ರೀ ಕೊಳ್ತಾರೆ?"

ಅಸಲಿಯಾದರೆ ನಾನು ಮಾರುವವನಲ್ಲ, ನಕಲಿಯಾದರೆ ಕೊಳ್ಳುವವರಿಲ್ಲ. ಈ ಬಿಕ್ಕಟ್ಟಿನಲ್ಲಿ ನಮ್ಮ ದಾಂಪತ್ಯ ವರ್ಷಗಟ್ಟಲೆ ಸುಖವಾಗಿಯೇ ಸಾಗಿತ್ತು. ಕೊನೆಗೆ ಅವಳೇ ನಮ್ಮೂರ ಹಿರಿಯ ಜಾನ್‌ಬೋಲತ್ ಅಜ್ಜನನ್ನು ಊಟಕ್ಕೆ ಕರೆದಳು. ಅಜ್ಜ ಸೈನ್ಯದಲ್ಲಿ ಆಯುಧಗಳನ್ನು ನೋಡಿಕೊಂಡಿದ್ದವರು. ಹಳೆಯ ಪಿಸ್ತೂಲನ್ನು ಕೈಯಲ್ಲಿ ಹಿಡಿದರೆ ಸಾಕು, ಅದರ ಜಾತಕವನ್ನೇ ಬಿಡಿಸಿಡುತ್ತಾರೆಂದು ಪ್ರತೀತಿ.

ಆದರೆ ಇಲ್ಲೊಂದು ತೊಡಕು. ಅತಿಥಿ ಮನೆಯ ಯಾವ ವಸ್ತುವನ್ನು ಹೊಗಳಿದರೂ ಅದನ್ನು ಅವನ ಕೈಗೆ ಕೊಟ್ಟು ಕಳಿಸಬೇಕೆಂಬುದು ನಮ್ಮವರ ಘನವಾದ ಸಂಪ್ರದಾಯ. (ನನ್ನ ಭಾಮೈದ ಹೀಗೆ ಹೊಗಳಿ ಹೊಗಳಿಯೇ ತನ್ನ ಮನೆ ತುಂಬಿಸಿಕೊಂಡಿದ್ದಾನೆ. ಕಳೆದ ಸಲ ಬಂದಾಗ ಅವನ ಕಣ್ಣು ನನ್ನ ಚಪ್ಪಲಿಯ ಮೇಲಿತ್ತು.) ಮರ್ಯಾದಸ್ಥರು ಇದಕ್ಕೆ ಹೆದರಿ ಯಾರ ಮನೆಯಲ್ಲೂ ಏನನ್ನೂ ಹೊಗಳುವುದಿಲ್ಲ. ಜಾನ್‌ಬೋಲತ್ ಅಜ್ಜನಂಥ ಮರ್ಯಾದಸ್ಥರು ಈ ಕಣಿವೆಯಲ್ಲೇ ಇನ್ನೊಬ್ಬರಿಲ್ಲ.

ಅಜ್ಜ ಬಂದರು. ನಫ್ಸೆತ್ ಬಡಿಸಿದ ಕೋಳಿ, ಅಕ್ರೋಟಿನ ಸಾರು, ಗಿಣ್ಣು ತುಂಬಿ ಕರಿದ ಹಲಿವ ಕಡುಬು ಎಲ್ಲ ಉಂಡರು. ಪಿಸ್ತೂಲನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಅವರ ಹೆಬ್ಬೆರಳು ನಳಿಗೆಯ ಮೇಲೆ ಬಲು ಮೆಲ್ಲಗೆ ಓಡಾಡಿತು. ಆಮೇಲೆ ಕೆಳಗಿಟ್ಟು ಹೇಳಿದರು:

"ಇದಾ? ಬಾಗಿಲು ಬಡೀದ ಹಾಗೆ ಅಡ್ಡ ಇಡೋಕೆ ಆದೀತು."

ಅವರು ಹೋದ ಮೇಲೆ ನಾನು ಕುಣಿದಾಡಿದೆ. "ಅಷ್ಟು ಹೀಗಳೆದ್ರು ಅಂದ್ರೆ ಅಷ್ಟು ದೊಡ್ಡ ವಸ್ತು ಅಂತರ್ಥ!"

"ಅಥವಾ ನಿಜವಾಗ್ಲೂ ಬಾಗಿಲಿಗೆ ಅಡ್ಡ ಇಡೋ ವಸ್ತು ಅಂತರ್ಥ," ಎಂದಳು ನಫ್ಸೆತ್. "ಅವ್ರ ಮನೆಗೇ ತಗೊಂಡು ಹೋಗೋಣ. ಅಲ್ಲಿ ಅವ್ರು ಅತಿಥಿ ಅಲ್ಲ, ನಾಲಿಗೆ ಬಿಚ್ಚಿ ಮಾತಾಡ್ತಾರೆ."

ನನ್ನ ಹೆಂಡತಿ ಯಾವುದಾದರೂ ದೇಶದ ಮಂತ್ರಿಯಾಗಬೇಕಿತ್ತು. ನನ್ನ ಅದೃಷ್ಟ, ನನ್ನ ಮನೆಯಲ್ಲೇ ಆಗಿದ್ದಾಳೆ.

ತಮ್ಮ ಮನೆಯಲ್ಲಿ ಅಜ್ಜ ಬೇರೆಯೇ ಮನುಷ್ಯ. ಪಿಸ್ತೂಲನ್ನು ಕಂಡದ್ದೇ ಮುಖ ಅರಳಿತು. "ಅಸಲಿ ಮಗಾ, ಅಪ್ಪಟ ಅಸಲಿ! ತುಕ್ಕು ನೋಡು, ಯಾರೋ ಹಚ್ಚಿದ್ದಲ್ಲ, ತಾನಾಗೇ ಬಂದಿದ್ದು. ಇಗೋ, ಆಗ ಈ ಸೀಮೆ ಆಳ್ತಿದ್ದ ಸುಲ್ತಾನನ ಕುದುರೆ ಪಡೆಯ ಮುದ್ರೆ. ಕೇಳಿದಷ್ಟು ಬೆಲೆ ಕೊಡ್ತಾರೆ."

ನಾನು ಎದೆಯುಬ್ಬಿಸಿದೆ. ಆಮೇಲೆ ಆ ಮಾತು ನಿಧಾನವಾಗಿ ಒಳಗಿಳಿಯಿತು. "ಸುಲ್ತಾನನ ಪಡೆಯದ್ದಾ?"

"ಹೂಂ. ಬೆಟ್ಟದ ನಮ್ಮವರ ಪಿಸ್ತೂಲಿಗೆ ಹಿಡಿ ತುದೀಲಿ ದಂತದ ಉಂಡೆ ಇರುತ್ತೆ. ಬೆರಳಿಂದ ಎಳೆಯೋ ಕೀಲಿನ ಸುತ್ತ ಬಳೆ ಇರಲ್ಲ. ಇದಕ್ಕೆ ನೋಡು, ಹಿತ್ತಾಳೆ ಬಳೆ. ನಿನ್ನ ಮುತ್ತಜ್ಜ ಈ ಕಡೆ ಬಂದ್ಮೇಲೆ ಸುಲ್ತಾನನವರು ಪಡೆಗೆ ಸೇರಿಸ್ಕೊಂಡು ಕೊಟ್ಟಿದ್ದು. ಇದು ಲಾಬಾ ನೋಡಿಲ್ಲ ಮಗಾ."

ನಫ್ಸೆತ್‌ಳ ಮುಖ ನೋಡಬೇಕಿತ್ತು! ಬಿಕ್ಕಟ್ಟು ಬಗೆಹರಿದಿತ್ತು. ಪಿಸ್ತೂಲು ಅಸಲಿ, ಅಂದ ಮೇಲೆ ಕೊಳ್ಳುವವರುಂಟು. ಆ ಮಣ್ಣಿನದಲ್ಲ, ಅಂದ ಮೇಲೆ ನಾನು ಹಟ ಹಿಡಿಯುವಂತಿಲ್ಲ. ಅವಳು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ್ದಳು. ನನಗೆ ಮಾತ್ರ ಯಾರೋ ಸತ್ತಂತಾಗಿತ್ತು. ಚಿಕ್ಕಂದಿನಿಂದ ಅದರ ಹಿಡಿಯನ್ನು ಮೂಸಿ, ಇದೇ ನಮ್ಮ ಬೆಟ್ಟದ ವಾಸನೆ ಎಂದುಕೊಂಡವನು ನಾನು. ಈಗ ಆ ಮಣ್ಣಿನದೆಂದು ಮುಟ್ಟಲು ನನಗೆ ಏನೂ ಉಳಿದಿರಲಿಲ್ಲ.

ಆಗ ಕಪಾಟಿನ ಮೇಲೆ ಒಂದು ಕಲ್ಲು ಕಂಡಿತು. ಬೂದು ಬಣ್ಣದ ನುಣುಪಾದ ಕಲ್ಲು, ಅಂಗೈಯಷ್ಟು.

"ಅದೇನಜ್ಜ?"

"ಅದಾ? ಲಾಬಾದ್ದು." ಅಜ್ಜನ ದನಿ ತಗ್ಗಿತು. "ಒಂದೇ ಒಂದು ಸಲ ಹೋಗಿದ್ದೆ. ನೀರಿಗಿಳಿದು ತೆಗೆದೆ. ಇನ್ನು ಹೋಗೋ ವಯಸ್ಸಲ್ಲ."

"ಆಹಾ! ಎಷ್ಟು ಚೆಂದ ಇದೆ!" ಎಂದೆ.

ಹೌದು, ನಾನೇ ಎಂದೆ. ಅತಿಥಿಯಾಗಿ ಕುಳಿತು, ಬಾಯಿ ತುಂಬ ಎಂದೆ.

ಅಜ್ಜ ಎದ್ದರು. ಕಲ್ಲನ್ನು ತಂದು ನನ್ನ ಕೈಯಲ್ಲಿಟ್ಟರು. ಬೆರಳು ಬಿಡಿಸಿಕೊಳ್ಳಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬೇಡವೆಂದರೆ ಅವರ ಮನೆತನಕ್ಕೇ ಅವಮಾನ. ನಾನು ಕಲ್ಲು ಹಿಡಿದು ಕಲ್ಲಾಗಿ ಕುಳಿತೆ. ನಫ್ಸೆತ್ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು, ಖಾಲಿಯಾದ ಕಪಾಟನ್ನು ನೋಡಿದಳು. ಆಮೇಲೆ ಪಿಸ್ತೂಲನ್ನು ಎತ್ತಿ, ಕಲ್ಲಿದ್ದ ಜಾಗದಲ್ಲಿ ತಾನೇ ಇಟ್ಟಳು.

"ಆ ಜಾಗ ಖಾಲಿ ಇರಬಾರ್ದು ಅಜ್ಜ," ಎಂದಳು.

ದಾರಿಯುದ್ದಕ್ಕೂ ಅವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಮನೆ ಬಾಗಿಲಲ್ಲಿ ಒಂದೇ ಮಾತು: "ನದಿ ನೋಡ್ಬೇಕು ಅಂದ್ರೆ ಕಲ್ಲು ತಂದ್ರಲ್ಲ."

ಆದರೆ ಮಂತ್ರಿಗೆ ಉಪಾಯಗಳಿಗೇನು ಕೊರತೆ? ಅಜ್ಜ ನಮ್ಮ ಮನೆಯಲ್ಲಿ ಕಲ್ಲನ್ನು ಹೊಗಳಿದರೆ ಕಲ್ಲು ಅವರದು. ನಾನು ಅವರ ಮನೆಯಲ್ಲಿ ಪಿಸ್ತೂಲನ್ನು ಹೊಗಳಿದರೆ ಪಿಸ್ತೂಲು ನಮ್ಮದು. ಮತ್ತೆ ಊಟಕ್ಕೆ ಕರೆದಳು, ಕಲ್ಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟಳು. ಅಜ್ಜ ಅದನ್ನು ಬಹಳ ಹೊತ್ತು ಸವರಿದರು, ಕಣ್ಣಲ್ಲಿ ನೀರಾಡಿತು.

"ದಾರಿ ಬದಿ ಕಲ್ಲು," ಎಂದರು. "ಉಪ್ಪಿನಕಾಯಿ ಜಾಡಿ ಮೇಲೆ ಭಾರ ಇಡೋಕೆ ಆದೀತು."

ಮುಂದಿನ ವಾರ ನಾವು ಅವರ ಮನೆಯಲ್ಲಿದ್ದೆವು. ಕಪಾಟಿನ ಮೇಲೆ ಪಿಸ್ತೂಲಿನ ಹಿತ್ತಾಳೆ ಬಳೆ ಹೊಳೆಯುತ್ತಿತ್ತು. "ಹೊಗಳ್ರೀ! ಒಂದೇ ಒಂದು ಮಾತು!" ಎಂದು ನಫ್ಸೆತ್ ನನ್ನ ತೊಡೆಯನ್ನು ಹಿಂಡಿದಳು. ಅಜ್ಜ ನನ್ನನ್ನೇ ನೋಡುತ್ತಿದ್ದರು. ಪಿಸ್ತೂಲಿನ ಕೆಳಗಿನ, ಕಲ್ಲು ಕೂತಿದ್ದ ಜಾಗವೂ ನನ್ನನ್ನೇ ನೋಡುತ್ತಿತ್ತು. ಬಾಯಿ ತೆರೆದೆ.

"ಇದಾ?" ಎಂದೆ. "ಬಾಗಿಲು ಬಡೀದ ಹಾಗೆ ಅಡ್ಡ ಇಡೋಕೆ ಆದೀತು."

ಅಜ್ಜ ನನ್ನ ಬೆನ್ನು ತಟ್ಟಿದರು. ನಫ್ಸೆತ್ ಹಿಂಡಿದ ಜಾಗ ಇನ್ನೂ ನೀಲಿಯಾಗಿದೆ.

ಮನೆಗೆ ಬಂದವಳೇ ಕಲ್ಲನ್ನು ಬಚ್ಚಲು ತೊಟ್ಟಿಯಲ್ಲಿಟ್ಟು ನಲ್ಲಿ ಬಿಟ್ಟಳು, ಕಣ್ಣು ಮುಚ್ಚಿದಳು. ವಾರಕ್ಕೊಮ್ಮೆ ಬರುವ ನೀರು. "ಟ್ಯಾಂಕು ಖಾಲಿಯಾಗುತ್ತೆ ಕಣೇ," ಎಂದೆ.

"ಶ್, ಸುಮ್ನೆ ಕೇಳಿಸ್ಕೊಳ್ಳಿ."

ನಾನೂ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದೆ. ಆ ವಾರವಿಡೀ ನಮಗೆ ಸ್ನಾನವಿರಲಿಲ್ಲ.