ಮೊಳ ಕೂದಲಿನ ಮೊಕದ್ದಮೆ

ಸಕ್ಕರೆ ಏರಿದ್ದು ಗಜಾನನನ ರಕ್ತದಲ್ಲಿ, ಇಳಿಸಿದ್ದೂ ಗಜಾನನನೇ. ಬೆಳಿಗ್ಗೆ ಮೆಂತ್ಯದ ನೀರು ಕುಡಿದವನು ಅವನು, ರಾತ್ರಿ ಅನ್ನ ಬಿಟ್ಟು ಒಣ ಚಪಾತಿ ಅಗಿದವನು ಅವನು, ಮಾತ್ರೆ ನುಂಗಿದವನೂ ಅವನೇ. ಆದರೆ ರಿಪೋರ್ಟು ಸರಿಯಾಗಿ ಬಂದ ದಿನ ಕೀರ್ತಿಯೆಲ್ಲ ಸಂದದ್ದು ತಿರುಪತಿ ತಿಮ್ಮಪ್ಪನಿಗೆ. ಯಾಕೆಂದರೆ ಹೆಂಡತಿ ಮೂಕಾಂಬಿಕಾ ಹರಕೆ ಹೊತ್ತಿದ್ದಳು. ಅದೂ ಸಾಧಾರಣ ಹರಕೆಯಲ್ಲ. ಲೋಕದವರೆಲ್ಲ ತಲೆಯ ಮೇಲೆ ಇದ್ದಷ್ಟನ್ನು ಬೋಳಿಸಿಕೊಂಡು ಬರುತ್ತಾರೆ. ಈಕೆ ಮಾತ್ರ ಒಂದು ಮೊಳ ಉದ್ದದ ಮುಡಿ ಒಪ್ಪಿಸುತ್ತೇನೆಂದು ದೇವರಿಗೆ ಅಳತೆ ಸಮೇತ ಮಾತು ಕೊಟ್ಟಿದ್ದಳು.

"ಪಾಪ, ನಿನ್ನ ಜಡೆ ಹೋಗ್ತದಲ್ಲೇ" ಎಂದು ಗಜಾನನ ಮರುಗಿದ.

"ನನ್ನ ಜಡೆ ಎಂತಕ್ಕೆ ಹೋಗ್ತದೆ? ಸಕ್ಕರೆ ಇದ್ದಿದ್ದು ಯಾರಿಗೆ?"

"ನಂಗೆ."

"ಮತ್ತೆ ಕೂದಲು ನಂದಾ?"

ಗಜಾನನ ಕೊಪ್ಪದ ವಕೀಲ ಜಯಪ್ರಕಾಶರ ಗುಮಾಸ್ತ. ಇಪ್ಪತ್ತು ಚಿಲ್ಲರೆ ವರ್ಷಗಳಿಂದ ಕಕ್ಷಿದಾರರ ಪರವಾಗಿ ತಕರಾರು ಬರೆಸಿದವನು. ಆದರೂ ಈ ವಾದಕ್ಕೆ ತಕರಾರು ಸಲ್ಲಿಸಲು ಅವನಿಗೆ ಒಂದೇ ಒಂದು ಅಂಶ ಹೊಳೆಯಲಿಲ್ಲ. ತಿಂಗಳಿಗೊಮ್ಮೆ ಬಾಳಗಡಿಯ ರಾಜೇಶನ ಸಲೂನಿನಲ್ಲಿ ಕ್ರಾಪು ಹೊಡೆಸಿ, ಹೊರಬಂದು, ಕುತ್ತಿಗೆಗೆ ತಾಗುವ ಗಾಳಿಯನ್ನು ಅನುಭವಿಸುವುದು ಅವನ ಬದುಕಿನಲ್ಲಿ ಉಳಿದಿದ್ದ ಏಕೈಕ ವಿಲಾಸ. ಅದಕ್ಕೂ ತಡೆಯಾಜ್ಞೆ ಬಿತ್ತು.

ಕೂದಲು ಕಿವಿ ಮುಚ್ಚುವ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಉದ್ದ ಬೆಳೆಸುವಾಗ ತುದಿ ಕತ್ತರಿಸಬೇಕೋ ಬೇಡವೋ? ಕತ್ತರಿಸುವುದಾದರೆ ಎಷ್ಟು ಸಮಯಕ್ಕೊಮ್ಮೆ?

ರಾಜೇಶನನ್ನು ಕೇಳಿದರೆ, "ಎರಡು ತಿಂಗಳಿಗೊಂದ್ಸಲ ತುದಿ ತೆಗೀಲೇಬೇಕು ಸಾರ್. ಇಲ್ದಿದ್ರೆ ಸೀಳ್ತದೆ, ಆಮೇಲೆ ತುಂಡಾಗ್ತದೆ" ಎಂದ. (ಗಿರಾಕಿ ಪೂರ್ತಿ ಕೈತಪ್ಪಿ ಹೋಗುವುದಕ್ಕಿಂತ ಇದು ವಾಸಿ ಎಂಬ ಲೆಕ್ಕವೂ ಅದರಲ್ಲಿತ್ತೆಂದು ಗಜಾನನನ ಗುಮಾನಿ.) ಮೂಕಾಂಬಿಕಾ ಮೊಬೈಲಿನಲ್ಲಿ ಯಾವುದೋ ಹುಡುಗಿಯ ವಿಡಿಯೋ ನೋಡಿ, "ತಿಂಗಳಿಗೊಂದ್ಸಲ" ಎಂದಳು. ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ಗಜಾನನನ ಅಮ್ಮ ಮಾತ್ರ ಕೈ ನಿಲ್ಲಿಸಿ, "ಹರಕೆ ಕೂದಲಿಗೆ ಕಬ್ಬಿಣ ಮುಟ್ಟಿಸೂದಾ? ಎಲ್ಲಾದ್ರೂ ಉಂಟಾ?" ಎಂದರು.

ಗಜಾನನ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಂದು ಸಲ ತುದಿ ಕತ್ತರಿಸಿದರೆ ಮೊಳ ಅಷ್ಟು ಹಿಂದೆ ಹೋಗುತ್ತದೆ. ಅಂದರೆ ಪ್ರತಿ ಕತ್ತರಿಯೂ ಒಂದು ವಾಯಿದೆ. ಹೆಂಡತಿಯ ಪ್ರಕಾರ ನಡೆದರೆ ತಿಂಗಳಲ್ಲಿ ಬೆಳೆದದ್ದೆಲ್ಲ ತಿಂಗಳ ಕೊನೆಗೆ ಅಂಗಳಕ್ಕೆ ಬಿದ್ದು, ಕೇಸು ಅವನ ಆಯುಷ್ಯದಲ್ಲಿ ಮುಗಿಯುವುದಿಲ್ಲ. ಬೇಗ ಬೆಳೆಸಬೇಕು, ಬೇಗ ಬೋಳಿಸಬೇಕು, ಮತ್ತೆ ಮನುಷ್ಯನಾಗಬೇಕು. ಇಷ್ಟೇ ಅವನ ಪ್ರಾರ್ಥನೆ.

"ಅಮ್ಮ ಹೇಳಿದ್ದೇ ಸರಿ" ಎಂದ. ಮದುವೆಯಾದ ಮೇಲೆ ಈ ವಾಕ್ಯವನ್ನು ಅವನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು.

"ಆಯ್ತು. ಆಮೇಲೆ ನನ್ನತ್ರ ಬರಬೇಡಿ" ಎಂದಳು ಮೂಕಾಂಬಿಕಾ.

ಕೂದಲು ಹೆಗಲಿನವರೆಗೆ ಬಂತು. ಬಂದದ್ದು ಅಲ್ಲೇ ಕೂತಿತು, ಮೇಲ್ಮನವಿಗೆ ಹೋದ ಫೈಲಿನ ಹಾಗೆ. ತುದಿಯೆಲ್ಲ ತೆಂಗಿನ ನಾರು. ಬಾಚಣಿಗೆ ಹಾಕಿದರೆ ಹಲ್ಲು ಮುರಿಯುತ್ತಿತ್ತು, ಎಳೆದರೆ ಕೂದಲು ಮುರಿಯುತ್ತಿತ್ತು. ಮೇಲೆ ಬೆಳೆದಷ್ಟು ಕೆಳಗೆ ತುಂಡಾಗಿ ಬಚ್ಚಲಿಗೆ ಹೋಗುತ್ತಿತ್ತು. ಬುಡದಲ್ಲಿ ಬೆಳೆಯುವುದೂ ತುದಿಯಲ್ಲಿ ಉದುರುವುದೂ ಹೀಗೆ ರಾಜಿಯಾಗಿಬಿಟ್ಟರೆ ತನ್ನ ಗತಿಯೇನು ಎಂದು ಗಜಾನನ ಸುಸ್ತಾಗಿ, ಕೊನೆಗೊಂದು ದಿನ ಟವೆಲ್ ಹಿಡಿದುಕೊಂಡು ಹೆಂಡತಿಯ ಮುಂದೆ ನಿಂತ.

"ಒಂಚೂರು ತುದಿ ತೆಗೀ ಮಾರಾಯ್ತಿ."

"ಅಮ್ಮನ್ನ ಕೇಳಿದ್ರಾ?"

ತ್ರಿಪಕ್ಷೀಯ ಮಾತುಕತೆ ನಡೆಯಿತು. ಮೂರು ತಿಂಗಳಿಗೊಮ್ಮೆ, ಒಂದು ಬೆರಳಿನಷ್ಟು ಎಂದು ತೀರ್ಮಾನವಾಯಿತು. ಅಮ್ಮ ಒಪ್ಪಿದರು, ಷರತ್ತುಗಳ ಮೇಲೆ. ಮಂಗಳವಾರ, ಶುಕ್ರವಾರ, ಶನಿವಾರ ಕೂಡದು. ಏಕಾದಶಿ, ಅಮಾವಾಸ್ಯೆ ಕೂಡದು. ಗಜಾನನನ ಜನ್ಮನಕ್ಷತ್ರದ ದಿನವಂತೂ ಕೇಳಲೇಬಾರದು. ಕತ್ತರಿಯನ್ನು ತೊಳೆದು, ಕುಂಕುಮ ಹಚ್ಚಿ, ದೇವರ ಮುಂದಿಟ್ಟು ತರಬೇಕು. ಇಷ್ಟೆಲ್ಲ ಆಗಿ, ಹಿತ್ತಲಿನಲ್ಲಿ ಸ್ಟೂಲಿನ ಮೇಲೆ ಕುಳಿತ ಗಜಾನನ ಬಿದ್ದ ಕೂದಲನ್ನು ನೋಡಿ ಕಂಗಾಲಾದ.

"ಒಂದು ಬೆರಳು ಅಂದಿದ್ದಲ್ವನೇ?"

"ಒಂದೇ ಬೆರಳು. ಹೆಬ್ಬೆರಳು, ಉದ್ದಕ್ಕೆ."

ಮುಂದಿನ ಸಲದಿಂದ ಬೆರಳನ್ನು ಅಗಲಕ್ಕೇ ಅಳೆಯಬೇಕೆಂದು ತಿದ್ದುಪಡಿಯಾಗಿ, ಒಪ್ಪಂದ ಫಲ ಕೊಟ್ಟಿತು. ಕತ್ತರಿಯ ಜೊತೆಗೆ ದಾಸವಾಳ ಸೊಪ್ಪಿನ ಲೋಳೆಯೂ ಸೇರಿ ಕೂದಲು ಹೊಳೆಯತೊಡಗಿತು. ಅಲ್ಲಲ್ಲಿ ಬೆಳ್ಳಿಗೆರೆ ಬೆರೆತು, ಹೆಗಲು ದಾಟಿ, ಬೆನ್ನಿನ ಮೇಲೆ ಗಂಭೀರವಾಗಿ ಇಳಿಯಿತು. ಆಗ ಗಜಾನನನ ಬಾಳಿನಲ್ಲಿ ಅದುವರೆಗೆ ಆಗದ್ದು ಆಯಿತು.

ಶೃಂಗೇರಿ ಕೋರ್ಟಿಗೆ ಫೈಲು ಒಯ್ಯುತ್ತಿದ್ದ. ಬಸ್ಸು ಎಂದಿನಂತೆ ಭರ್ತಿ. ಒಬ್ಬ ತರುಣ ಎದ್ದು ನಿಂತು, "ಗುರುಗಳೇ, ಕೂತ್ಕಳಿ" ಎಂದ. ಗಜಾನನ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಗುರುಗಳಿರಲಿಲ್ಲ. ಮುಂದಿನ ವಾರ ನರಸಿಂಹರಾಜಪುರದ ಕೋರ್ಟಿನಲ್ಲಿ, ಎಷ್ಟೋ ವರ್ಷಗಳಿಂದ "ಏ ಗಜಾನನ, ನಂದೆಂತ ಆಯ್ತೋ?" ಎನ್ನುತ್ತಿದ್ದ ಮುತ್ತಿನಕೊಪ್ಪದ ತಿಮ್ಮಣ್ಣ ಹತ್ತಿರ ಬಂದು, ದನಿ ತಗ್ಗಿಸಿ, "ನಿಮ್ಮ ಮನಸ್ಸಿಗೆ ಏನು ಕಾಣ್ತದೆ, ಈ ಕೇಸು ಗೆಲ್ತೀವಾ?" ಎಂದು ಕೇಳಿದ. ಗಜಾನನ ಕಣ್ಣು ಮುಚ್ಚಿ, ತೆರೆದು, "ಕಾಲ ಬರಬೇಕು" ಎಂದ. ತಿಮ್ಮಣ್ಣ ಕೈಮುಗಿದ. ಇದೇ ಮಾತನ್ನು ಕ್ರಾಪಿನ ಕಾಲದಲ್ಲಿ ಹೇಳಿದಾಗ ಅದೇ ತಿಮ್ಮಣ್ಣ ಬೈದಿದ್ದ.

"ಎಂತ ಮಾರಾಯ, ಕಕ್ಷಿದಾರರು ನನ್ನ ಬಿಟ್ಟು ನಿಂಗೆ ನಮಸ್ಕಾರ ಮಾಡ್ತಾರೆ" ಎಂದರು ಜಯಪ್ರಕಾಶರು. ಅಂದು ಸಂಜೆ ಬಸ್ಸಿನ ಸೀಟಿನಿಂದ ಹಿಡಿದು ಈ ವಾರ್ತೆಯನ್ನೆಲ್ಲ ಗಜಾನನ ಮನೆಯಲ್ಲಿ ಮೂರು ಸಲ ಹೇಳಿದ. ಮೂಕಾಂಬಿಕಾ ಮೂರು ಸಲವೂ "ಹೌದಾ" ಎಂದಳು.

ಅಲ್ಲಿಂದ ಅವನಿಗೆ ನಿದ್ದೆ ಹತ್ತದಾಯಿತು. ಮೊಳ ಹತ್ತಿರ ಬರುತ್ತಿತ್ತು. ಬೋಳಿಸಿದ ಮರುದಿನ ತಾನು ಮತ್ತೆ ಫೈಲು ಹೊರುವ ಗಜಾನನ, ಬಸ್ಸಿನ ಕಂಬಿಗೆ ಜೋತುಬೀಳುವ ಗಜಾನನ. ಅನುಭವಿ ಗುಮಾಸ್ತನಿಗೆ ದಾರಿ ಹೊಳೆಯಿತು. ವಾಯಿದೆ.

"ತುದಿ ಸೀಳಿದ ಹಾಗಿದೆ ನೋಡೇ" ಎಂದ ಒಂದು ಬುಧವಾರ.

"ಮೊನ್ನೆಯಷ್ಟೇ ತೆಗೆದಿದ್ದಲ್ವ?"

"ಆ ವಿಡಿಯೋದ ಹುಡುಗಿ ತಿಂಗಳಿಗೊಂದ್ಸಲ ಅಂದಿದ್ದು ಸುಳ್ಳಾ?"

ಹೀಗೆ ಮೂರು ತಿಂಗಳು ಒಂದು ತಿಂಗಳಾಯಿತು. ಅಮ್ಮ ಗೊಣಗಿದರು, ಮೂಕಾಂಬಿಕಾ ಮಾತಿಲ್ಲದೆ ಕತ್ತರಿಸಿದಳು. ಪ್ರತಿ ಸಲವೂ ಗಜಾನನ ಬಚ್ಚಲಿನ ಬಾಗಿಲು ಹಾಕಿಕೊಂಡು, ಕೈಯನ್ನು ಬೆನ್ನಿಗೆ ತಿರುಚಿ, ಮೊಣಕೈಯಿಂದ ಬೆರಳತುದಿಯವರೆಗೆ ಅಳೆದು, ಇನ್ನೂ ಮೂರು ಬೆರಳು ಕಡಿಮೆ ಎಂದು ಖಾತ್ರಿಪಡಿಸಿಕೊಂಡು, ನಿಟ್ಟುಸಿರು ಬಿಟ್ಟು ಹೊರಬರುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಸ್ಟೂಲು ಹಾಕಿಕೊಂಡು ಕುಳಿತ. ಕತ್ತರಿಯ ಸದ್ದು ಬರಲಿಲ್ಲ. ಬದಲಿಗೆ ಬೆನ್ನಿಗೆ ಹೆಂಡತಿಯ ಕೈ ಒತ್ತಿತು, ಮೊಣಕೈ ಕುತ್ತಿಗೆಯ ಬುಡಕ್ಕೆ, ಬೆರಳು ಕೆಳಗೆ.

"ಎಂತ ಮಾಡ್ತಿದ್ದೀಯೇ?"

"ಮೊಳ ನೋಡ್ತಿದ್ದೇನೆ. ಆಗಿದೆ."

"ಎಲ್ಲಿ ಆಗಿದೆ? ಮೂರು ಬೆರಳು ಬೇಕು ಇನ್ನೂ. ನಾನೇ ಅಳೆದಿದ್ದೇನೆ."

"ಯಾರ ಕೈಯಲ್ಲಿ?"

"ನನ್ನ ಕೈಯಲ್ಲಿ."

"ಹರಕೆ ಹೊತ್ತಿದ್ದು ಯಾರು? ಸಕ್ಕರೆ ನಿಮ್ಮದು, ಕೂದಲು ನಿಮ್ಮದು. ಮಾತು ಕೊಟ್ಟವಳು ನಾನು. ಮೊಳ ನಂದೇ."

ಗಜಾನನ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ಮೇಲ್ಮನವಿಗೆ ಯಾವ ಕೋರ್ಟೂ ಕಾಣಲಿಲ್ಲ.

"ಶ್ರಾವಣದಲ್ಲೇ ಆಗಿತ್ತು" ಎಂದಳು ಮೂಕಾಂಬಿಕಾ, ದನಿ ಸ್ವಲ್ಪ ಮೆತ್ತಗಾಗಿ. "ಬಸ್ಸಲ್ಲಿ ಸೀಟು ಸಿಕ್ಕಿದ್ದು ಹೇಳ್ವಾಗ ನಿಮ್ಮ ಮುಖ ನೋಡ್ಬೇಕಿತ್ತು. ಇರ್ಲಿ ಪಾಪ, ನಾಲ್ಕು ದಿನ ಗುರುಗಳಾಗಿರ್ಲಿ ಅಂತ ಸುಮ್ನಿದ್ದೆ. ದೇವರಿಗೆ ಎಷ್ಟು ದಿನ ಸುಳ್ಳು ಹೇಳೂದು? ಟಿಕೆಟ್ ಮಾಡ್ಸಿದ್ದೇನೆ. ಗುರುವಾರ ಹೊರಡೂದು."

ಗಜಾನನ ಟವೆಲ್ ಕೊಡವಿ ಎದ್ದ.

"ಎಲ್ಲಿಗೆ? ಕೂತ್ಕಳಿ."

"ಇನ್ನೆಂತಕ್ಕೆ ಕೂರೂದು? ಪೂರ್ತಿ ಬೋಳಿಸ್ತಾರಲ್ಲ."

"ತುದಿ ಸೀಳಿದೆ ಅಂತ ನೀವೇ ಹೇಳಿದ್ದಲ್ವ? ಸೀಳಿದ್ದನ್ನ ದೇವರಿಗೆ ಕೊಡೂದಾ?"

ಗಜಾನನ ಮತ್ತೆ ಕುಳಿತು ತಲೆ ಬಗ್ಗಿಸಿದ. ಒಳಗಿನಿಂದ ಅಮ್ಮ, ಕತ್ತರಿಗೆ ಕುಂಕುಮ ಹಚ್ಚಿದ್ದಾರೋ ಇಲ್ಲವೋ ಎಂದು ವಿಚಾರಿಸಿದರು.