ಸಂದರ್ಭವಿಲ್ಲದ ಲೋಟ

ಕಾರ್ಡಿನ ಒಳಗೆ ಏನೂ ಬರೆದಿರಲಿಲ್ಲ. ತೊಂದರೆ ಶುರುವಾದದ್ದೇ ಅಲ್ಲಿಂದ.

ಗುರುವಾಯನಕೆರೆಯ ಫೋಟೋಗ್ರಾಫರ್ ಶಶಿಕಿರಣ ಹದಿನೈದು ವರ್ಷ ಮದುವೆ ಸ್ಟೇಜುಗಳ ಮುಂದೆ ನಿಂತು "ಸ್ವಲ್ಪ ನಗಿ, ಸ್ವಲ್ಪ ನಗಿ" ಎಂದು ಬೊಬ್ಬೆ ಹೊಡೆದು ಸೋತವನು. ಯಾರೂ ನಗಬೇಕಾಗಿಲ್ಲದ ಫೋಟೋ ತೆಗೆದು ಬದುಕಬೇಕೆಂಬುದು ಅವನ ಆಸೆ. ಮೂಡಬಿದ್ರೆಯಲ್ಲಿ ಗಿಫ್ಟ್ ಅಂಗಡಿ ಇಟ್ಟಿರುವ ಅಬ್ದುಲ್ ವಹಾಬ್ ಅದಕ್ಕೊಂದು ದಾರಿ ತೋರಿಸಿದ್ದರು.

"ಗ್ರೀಟಿಂಗ್ ಕಾರ್ಡು ಮಾಡುವ. ಹೊರಗೆ ಚಂದದ ಫೋಟೋ, ಒಳಗೆ ಬರೀ ಬಿಳಿ. ಕೊಂಡವರು ಬೇಕಾದ್ದು ಬರೆದುಕೊಳ್ತಾರೆ. ಆದ್ರೆ ಫೋಟೋ ನೋಡಿದ ಕೂಡಲೇ ಮದುವೆ, ಬರ್ತ್‌ಡೇ, ಉತ್ತರಕ್ರಿಯೆ ಅಂತ ಯಾವುದೂ ನೆನಪಾಗಬಾರದು. ಬುಧವಾರ ಮೂರು ಗಂಟೆಗೆ ತನ್ನಿ. ಅಂಗಡಿಗೆ ಬಂದ ಮೂರು ಗಿರಾಕಿಗಳಿಗೆ ತೋರಿಸುವ. ಮೂವರೂ ಸಂದರ್ಭದ ಹೆಸರು ಎತ್ತದಿದ್ರೆ ವರ್ಷವಿಡೀ ಆರ್ಡರ್ ನಿಮಗೆ."

ಶಶಿಕಿರಣ ಒಂದು ವಾರ ಒದ್ದಾಡಿದ. ಹೂ ತೆಗೆದರೆ ಮದುವೆಯಾಯಿತು, ದೀಪ ತೆಗೆದರೆ ಗೃಹಪ್ರವೇಶ, ಖಾಲಿ ಕುರ್ಚಿ ತೆಗೆದರೆ ಯಾರೋ ತೀರಿಹೋದ ಹಾಗೆ. ಕೊನೆಗೆ ಸಿಕ್ಕಿದ್ದು, ನೀಲಿ ಕಿಟಕಿಯ ದಂಡೆಯ ಮೇಲೆ ಬೆಳಗಿನ ಬಿಸಿಲಿಗೆ ಕೂತ ಒಂದು ಸ್ಟೀಲ್ ಲೋಟ. ಸನ್ಯಾಸಿಯ ಮುಖದ ಹಾಗೆ, ಸುಖವೂ ಇಲ್ಲ, ದುಃಖವೂ ಇಲ್ಲ.

ವಹಾಬರ ಪರೀಕ್ಷೆಗೆ ಮೊದಲು ಊರಲ್ಲೇ ಒಂದು ಪರೀಕ್ಷೆ ಆಗಲಿ ಎಂದು ಬುಧವಾರ ಬೆಳಿಗ್ಗೆ ಆರು ಕಾರ್ಡುಗಳನ್ನು ಲಕೋಟೆಗೆ ಹಾಕಿ ಆರು ಮನೆಗಳಿಗೆ ಕೊಟ್ಟ. ಹೆಚ್ಚು ಹೇಳಿದರೆ ಪರೀಕ್ಷೆ ಕೆಡುತ್ತದಲ್ಲ? "ಇದೊಂದು ನೋಡಿ, ಮಧ್ಯಾಹ್ನ ಬಂದು ಕೇಳ್ತೇನೆ" ಎಂದಷ್ಟೇ ಹೇಳಿದ.

ಇಸ್ತ್ರಿ ಹಾಕಿದ ಬಿಳಿ ಅಂಗಿ, ಮನೆಮನೆಗೆ ಲಕೋಟೆ, ವಯಸ್ಸು ಮೂವತ್ತೆಂಟು, ಇನ್ನೂ ಬ್ರಹ್ಮಚಾರಿ. ನಮ್ಮೂರಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಯಾರೂ ಏನನ್ನೂ ಹೇಳಲಾರರು. ಪಕ್ಕದ ಮನೆಯ ಶಂಕರಿಯಕ್ಕ ಬೆಲ್ಲ ನೀರು ಕುಡಿಸಿಯೇ ಕಳಿಸಿದರು.

ಮಧ್ಯಾಹ್ನ ಬರುವಾಗ ಅವರ ಜಗಲಿ ತುಂಬಿತ್ತು.

"ದಿನವೇ ಹಾಕ್ಲಿಲ್ಲವಲ್ಲ ಮಾರಾಯ!" ಎಂದರು ಶಂಕರಿಯಕ್ಕ. "ಮದುವೆ ಹಾಲ್‌ನವರು ಫೋನಿನಲ್ಲಿ ಕೇಳ್ತಾ ಇದ್ದಾರೆ, ಯಾವ ತಿಂಗಳು ಅಂತ."

"ಎಂತ ಹಾಲ್?"

ನಿವೃತ್ತ ಹೆಡ್‌ಮಾಸ್ತರ್ ಮಹಾಲಿಂಗೇಶ್ವರರು ಕಾರ್ಡನ್ನು ಉತ್ತರಪತ್ರಿಕೆಯ ಹಾಗೆ ದೂರ ಹಿಡಿದಿದ್ದರು. "ಮುಹೂರ್ತ ಸಿಗದಿದ್ದರೆ ದಿನ ಬಿಡುವ, ತೊಂದರೆ ಇಲ್ಲ. ಹುಡುಗಿಯ ಹೆಸರನ್ನೂ ಬಿಡುವುದಾ? ಅದು ಕಡ್ಡಾಯ ಪ್ರಶ್ನೆ."

"ಲೋಟ ಒಂದೇ ಯಾಕೆ? ಇನ್ನೊಂದು ಅವಳು ತರುವುದಾ?" ಎಂದು ಟೈಲರ್ ಕಾಂತಿ ನಗುತ್ತಾ ಅವನ ಭುಜಕ್ಕೆ ಟೇಪು ಹಿಡಿದಳು.

"ಅಯ್ಯೋ, ಮದುವೆ ಇಲ್ಲ!" ಶಶಿಕಿರಣ ಕಿರುಚಿದ.

ಜಗಲಿಯಲ್ಲಿದ್ದವರು ಕಾರ್ಡುಗಳನ್ನು ಒಂದೊಂದಾಗಿ ಲಕೋಟೆಗೆ ವಾಪಸ್ ಹಾಕಿದರು.

"ಬೆಳಿಗ್ಗೆ ಇತ್ತಲ್ಲ" ಎಂದರು ಶಂಕರಿಯಕ್ಕ, ಮೆಲ್ಲಗೆ.

"ಬೆಳಿಗ್ಗೆಯೂ ಇರಲಿಲ್ಲ ಅಕ್ಕ! ಅದು ಅಂಗಡಿಯಲ್ಲಿ ಮಾರುವ ಕಾರ್ಡು! ಬರೀ ಲೋಟ!"

ಮಾಸ್ತರರು ಅವನ ಕೈಹಿಡಿದರು. "ಆಯಿತು, ಆಯಿತು. ಕಾರಣ ನಾವು ಕೇಳುವುದಿಲ್ಲ."

ಕಾಂತಿ ಟೇಪು ಸುತ್ತಿದಳು. "ಹಾಗಾದ್ರೆ ಲೋಟ ಒಂದೇ ಆಯ್ತು, ಪಾಪ."

ವಿವರಿಸುತ್ತ ಕೂತರೆ ಬಸ್ಸು ತಪ್ಪುತ್ತಿತ್ತು. ಅವನು ಓಡಿದ. ಕಂಡಕ್ಟರ್ ಮುಂದಿನ ಕಿಟಕಿ ಸೀಟಿನಿಂದ ಒಬ್ಬನನ್ನು ಎಬ್ಬಿಸಿ ಅವನನ್ನು ಕೂರಿಸಿದ. ಟಿಕೇಟಿಗೆಂದು ಜೇಬಿಗೆ ಕೈ ಹಾಕಿದರೆ "ಇರ್ಲಿ ಸಾರ್, ಇವತ್ತೊಂದು ದಿನ" ಎಂದ. ಊರ ಪರೀಕ್ಷೆ ಹೋದರೆ ಹೋಗಲಿ, ಶಕುನ ಒಳ್ಳೆಯದುಂಟು ಎಂದುಕೊಂಡು ಶಶಿಕಿರಣ ವೇಣೂರು ದಾಟುವವರೆಗೆ ಹಿಂದೆ ತಿರುಗಿಯೂ ನೋಡಲಿಲ್ಲ.

ವಹಾಬರ ಅಂಗಡಿಗೆ ಅವನ ಬೆನ್ನಿಗೇ ಗಿರಾಕಿಗಳು ಬಂದರು. ಮೊದಲನೆಯವಳು ಕಾಲೇಜಿನ ಹುಡುಗಿ. ಕಾರ್ಡು ನೋಡಿದಳು, ಶಶಿಕಿರಣನನ್ನು ನೋಡಿದಳು, ನೆಲ ನೋಡಿದಳು. "ಏನೂ ಅನಿಸುವುದಿಲ್ಲ ಸರ್."

ಎರಡನೆಯವರು ಬ್ಯಾಂಕಿನವರು. ಕೆಮ್ಮಿ, "ಹೇಳುವಂಥದ್ದು ಏನೂ ಇಲ್ಲ" ಎಂದು ಪೆನ್ನುಗಳ ಕಡೆ ತಿರುಗಿದರು.

ಮೂರನೆಯವರು ಸಫಿಯಮ್ಮ, ಮೊಮ್ಮಗಳಿಗೆ ಗೊಂಬೆ ಕೊಳ್ಳಲು ಬಂದ ಅಜ್ಜಿ. ತುಂಬ ಹೊತ್ತು ನೋಡಿ ಉಸಿರುಬಿಟ್ಟರು. "ನಾನೆಂತ ಹೇಳುವುದು ಮೋನೇ, ನನ್ನ ಮಗನೇ."

"ಮೂವರೂ ಪಾಸ್!" ವಹಾಬ್ ಆರ್ಡರ್ ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. ಶಶಿಕಿರಣನ ಎದೆ ಗ್ಯಾಸ್ ಬಲೂನಿನಂತೆ ಏರಿತು.

ಸಫಿಯಮ್ಮನಿಗೆ ತಡೆಯಲಾಗಲಿಲ್ಲ. "ಆ ಹುಡುಗಿ ಬೇಡ ಅಂದದ್ದು ಇವತ್ತೇ ಅಲ್ವಾ ಮೋನೇ? ನಾವು ಮೂವರೂ ನಿನ್ನ ಬಸ್ಸಲ್ಲೇ ಹಿಂದೆ ಇದ್ದೆವು. ಯಾರೋ ಟೈಲರ್ ಕಂಡಕ್ಟರಿಗೆ ಫೋನ್ ಮಾಡಿದ್ಲಂತೆ, ಪಾಪ ಸೀಟು ಕೊಡು ಅಂತ. ಈ ಲೋಟದ ಕಾರ್ಡಿನ ಸುದ್ದಿ ನಿನ್ನೆದುರು ಎತ್ತಬಾರದು ಅಂತ ಅವ ಎಲ್ಲರಿಗೂ ಹೇಳಿದ್ದ."

ಉಳಿದಿಬ್ಬರು ತಲೆಯಾಡಿಸಿದರು.

ವಹಾಬ್ ಪುಸ್ತಕ ಮುಚ್ಚಿದರು. "ಸಂದರ್ಭ ಬಂತಲ್ಲ ಮಾರಾಯ್ರೆ. ಮದುವೆ ಮುರಿದದ್ದು."

"ನನಗೆ ಮದುವೆ ನಿಶ್ಚಯವೇ ಆಗಿರ್ಲಿಲ್ಲ!"

"ಹಾಗೇ ತಿಳ್ಕೊ. ಅದೇ ಒಳ್ಳೇದು," ಸಫಿಯಮ್ಮ ಅವನ ಬೆನ್ನು ಸವರಿದರು. ಆಮೇಲೆ ಅದೇ ಕಾರ್ಡಿನ ದುಡ್ಡನ್ನು ವಹಾಬರ ಕೈಗೆ ಕೊಟ್ಟು, ಅವರದೇ ಪೆನ್ನು ತೆಗೆದುಕೊಂಡು, ಒಳಗಿನ ಬಿಳಿಯಲ್ಲಿ ನಿಧಾನಕ್ಕೆ ಬರೆದರು: "ಬೇಜಾರು ಮಾಡಬೇಡ. ಬೇರೆ ಹುಡುಗಿ ಸಿಗುತ್ತಾಳೆ."

ಕಾಲೇಜಿನ ಹುಡುಗಿ ಕೆಳಗೆ ಹೆಸರು ಬರೆದಳು. ಬ್ಯಾಂಕಿನವರು ತಾರೀಕು ಸಮೇತ ಬರೆದರು. ಇನ್ನೂ ಜಾಗ ಉಳಿದಿತ್ತು. ಆರ್ಡರ್ ಪುಸ್ತಕದಲ್ಲಿ ಹಾಕಬೇಕಿದ್ದ ಸಹಿಯನ್ನು ವಹಾಬರು ಅಲ್ಲಿ ಹಾಕಿ, ಕಾರ್ಡನ್ನು ಎರಡೂ ಕೈಯಲ್ಲಿ ಶಶಿಕಿರಣನಿಗೆ ಕೊಟ್ಟರು.