ಹುಣಸೆ ಓಣಿಯ ಬೀಗರು

ನಮ್ಮ ಸೋದರತ್ತೆ ಕಸಬರಿಗೆ ಹಿಡಿದು ನಿಂತರೆ ಬೈಲಹೊಂಗಲದ ಗಾಳಿಯೂ ಚಪ್ಪಲಿ ಬಿಟ್ಟೇ ಒಳಗೆ ಬರುತ್ತದೆ. ಅಂಥವಳ ಹಿತ್ತಲಲ್ಲಿ ಮೂರು ಗಿಡಗಳ ಕೆಳಗೆ ಪಾದ ಮುಳುಗುವಷ್ಟು ಎಲೆ ಬಿದ್ದಿದೆ ಎಂದರೆ ಯಾರು ನಂಬುತ್ತಾರೆ? ತಪ್ಪು ನನ್ನದು.

ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ನಾನು ಉದುರಿದ ಎಲೆಗಳಲ್ಲಿ ಬದುಕುವ ಜೇಡಗಳನ್ನು ಪ್ರಾಜೆಕ್ಟಿಗೆ ಆರಿಸಿಕೊಂಡೆ. ಮಾವಿನ ಎಲೆ ಮುದುರಿದರೆ ಒಳಗೊಂದು ಕೋಣೆಯಾಗುತ್ತದೆ. ಹುಣಸೆ ಎಲೆ ಹುಡಿಯಂತೆ ಹಾಸಿಕೊಳ್ಳುತ್ತದೆ. ಬೇವಿನದು ಎರಡರ ನಡುವೆ. ಮನೆ ಬೇರೆಯಾದರೆ ಇರುವವರೂ ಬೇರೆಯೇ ಎಂದು ನೋಡಬೇಕಿತ್ತು. ಅತ್ತೆಯ ಹಿತ್ತಲಲ್ಲಿ ಮೂರೂ ಗಿಡಗಳಿದ್ದವು. ಒಂದು ವರ್ಷ ಅಲ್ಲಿ ಗುಡಿಸಬೇಡ ಎಂದು ಕೇಳಿಕೊಂಡೆ.

"ವರ್ಷಾ? ನೋಡಿದ ಮಂದಿ ನನಗ ಏನಂದಾರು?"

"ಓದಿಗೆ ಬೇಕು, ಅತ್ತಿ."

ಓದು ಎಂದ ಮೇಲೆ ಅವಳು ಒಪ್ಪಿದಳು. ಗಿಡಗಳ ಸುತ್ತ ಕಲ್ಲು ಜೋಡಿಸಿ ಗಡಿ ಹಾಕಿದಳು.

ಎರಡು ತಿಂಗಳು ತಡೆದುಕೊಂಡಳು. ಅಮಾವಾಸ್ಯೆಯ ಬೆಳಿಗ್ಗೆ ಕೈ ಮಾತು ಕೇಳಲಿಲ್ಲ. ಮೂರೂ ಗಿಡಗಳ ಎಲೆ ಒಂದೇ ಗುಡ್ಡೆ. ಆಮೇಲೆ ಅವಳಿಗೆ ನನ್ನ ಮಾತು ನೆನಪಾಯಿತು. ನಾನು ಹೋದಾಗ ಹಿಟ್ಟಿನ ಸಾಣಿಗೆ ಹಿಡಿದು ಹುಣಸೆ ಎಲೆ ಸೋಸುತ್ತಿದ್ದಳು. ಮಾವಿನವು ಮಾವಿಗೆ, ಬೇವಿನವು ಬೇವಿಗೆ ಆಗಲೇ ಮರಳಿದ್ದವು.

"ಜ್ಯಾಡಾ?" ಎಂದೆ.

"ತಮ್ಮ ತಮ್ಮ ಓಣಿಗೆ ತಾವ ಹೊಕ್ಕಾವ ಬಿಡು."

"ದಾರಿ ತಪ್ಪಿ ಬ್ಯಾರೆ ಗಿಡಕ್ಕ ಹೋದ್ರ?"

"ಬೀಗತನ ಮಾಡ್ಯಾವ. ಅದನ್ನೂ ಬರ್ಕೊ."

ಆ ತಿಂಗಳ ಎಣಿಕೆ ಹಾಳಾಯಿತು. ಬೀಗತನಕ್ಕೆ ನನ್ನ ಕೋಷ್ಟಕದಲ್ಲಿ ಜಾಗವಿರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ರವಿವಾರ ಅತ್ತೆಯ ಫೋನು. "ಹುಣಸಿ ಓಣಿ ಬೀಗರು ಇನ್ನೂ ಮಾವಿನ ಓಣ್ಯಾಗ ಅದಾರ. ಹೋಗೂ ಮಾತ ಇಲ್ಲ." ಪಕ್ಕದ ಮನೆಯವರು "ಅಕ್ಕಾರ, ಕಸಾ ಹೊಡಿಯೂದು ಬಿಟ್ಟೀರೇನು?" ಎಂದರೆ, "ಇದು ಯುನಿವರ್ಸಿಟಿ ಕಸಾರಿ, ಮುಟ್ಟಬ್ಯಾಡ್ರಿ" ಎನ್ನುತ್ತಿದ್ದಳಂತೆ.

ಪ್ರಾಜೆಕ್ಟ್ ಮುಗಿದು ಎರಡು ವರ್ಷವಾಯಿತು. ನಾನೀಗ ರಾಮದುರ್ಗದಲ್ಲಿ ಪಾಠ ಹೇಳುತ್ತೇನೆ. ಇನ್ನು ಗುಡಿಸಬಹುದೆಂದು ಅತ್ತೆಗೆ ಹೇಳಲೇ ಇಲ್ಲ. ಹೇಳಿದರೆ ರವಿವಾರ ಅವಳು ಯಾವ ನೆಪದಿಂದ ಫೋನ್ ಮಾಡಬೇಕು? ಸುಮ್ಮನೆ "ನೆನಪಾಯಿತು" ಎನ್ನಲು ನಮ್ಮ ಮನೆತನದಲ್ಲಿ ಯಾರಿಗೂ ಬರುವುದಿಲ್ಲ.

ಹೋದ ತಿಂಗಳು ಹೋದಾಗ ಅವಳು ಹಿತ್ತಲು ಗುಡಿಸುತ್ತಿದ್ದಳು. ಕಲ್ಲಿನ ಗಡಿಯವರೆಗೆ ಬಂದ ಕಸಬರಿಗೆ ಅಲ್ಲೇ ನಿಂತು, ಒಮ್ಮೆ ಅಲುಗಿ, ಹಿಂದಕ್ಕೆ ಹೋಯಿತು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಓದು ಮುಗದ ಎರಡ ವರ್ಷ ಆತು. ಇನ್ನ ಹೊಡಿ ಕಸಾ."

"ಗೊತ್ತೈತಿ. ಪಾಸಾದಾಗ ನೀ ತಂದ ಪೇಢೆ ತಿಂದಾಕಿ ನಾನ ಅಲ್ಲೇನು?"

"ಮತ್ತ ಯಾಕ..."

ಅವಳು ಒಳಗೆ ಹೋಗಿ, ಜೇಡ ಎಣಿಸಲು ನಾನು ಎಲೆ ಹರಡುತ್ತಿದ್ದ ಬಿಳಿ ಬಟ್ಟೆಯನ್ನು ತಂದಳು. ಒಗೆದು ಮಡಚಿಟ್ಟಿದ್ದಳು. ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟಳು.

"ಇಷ್ಟ ದೂರ ಬಂದೀದಿ. ಎಣಿಸೇ ಹೋಗು."

ಹುಣಸೆ ಎಲೆಯಲ್ಲಿ ಏಳು ಜೇಡಗಳಿದ್ದವು. ರಾಮದುರ್ಗದ ಬಸ್ಸಿಗೆ ಹೊತ್ತಾಗುತ್ತಿತ್ತು. ಅತ್ತೆ ಪಕ್ಕದಲ್ಲೇ ಕುಳಿತಿದ್ದಳು. ಎಣಿಕೆ ತಪ್ಪಿತು ಎಂದು ಹೇಳಿ, ನಾನು ಮತ್ತೆ ಒಂದರಿಂದ ಶುರು ಮಾಡಿದೆ.